ನೀರೇ ಕಾಪಾಡಿದ ಗಿರಣಿ

ಬುಗುರಿ ಆಡಿದ್ದೀರಲ್ಲವೇ? ಚಾಟಿ ಬಿಗಿಯಾಗಿ ಸುತ್ತಿ ಬೀಸಿ ಎಸೆದರೆ ಬುಗುರಿ ಗುಂಯ್‌ ಎಂದು ನಿಂತಲ್ಲೇ ತಿರುಗುತ್ತದೆ. ಸ್ವಲ್ಪ ಹೊತ್ತಿಗೆ ತೂರಾಡುತ್ತದೆ, ಒರಗುತ್ತದೆ, ಉರುಳಿ ಬೀಳುತ್ತದೆ. ಆಗ ಅದು ತಿರುಗಿದ ಜಾಗವನ್ನು ಬಗ್ಗಿ ನೋಡಿ. ಅಂಗಳದ ಮಣ್ಣಿನಲ್ಲಿ ಬುಗುರಿಯ ಮೊಳೆ ಕೊರೆದ ಪುಟ್ಟ ಗುಳಿ ಕಾಣುತ್ತದೆ. ಬುಗುರಿಯನ್ನು ಜೇಬಿಗೆ ಹಾಕಿಕೊಂಡು ನೀವು ಊಟಕ್ಕೆ ಓಡಿದ ಮೇಲೂ ಗುಳಿ ಅಲ್ಲೇ ಇರುತ್ತದೆ. ಆಮೇಲೆ ಬಂದವರು ಅದನ್ನು ನೋಡಿ, "ಇಲ್ಲಿ ಯಾರೋ ಬುಗುರಿ ಆಡಿದ್ದಾರೆ" ಎಂದು ಹೇಳಬಹುದು. ನಿಮ್ಮನ್ನು ನೋಡದೆಯೇ ಹೇಳಬಹುದು!

ಇವತ್ತು ನಾನು ಹೇಳಹೊರಟಿರುವುದು ಅಂಥದ್ದೇ ಒಂದು ಸವೆದ ಗುರುತಿನ ಕಥೆ. ಅದು ಮೂಡಿದ್ದು ಮಣ್ಣಿನಲ್ಲಲ್ಲ, ಉಕ್ಕಿನ ತುಂಡಿನ ಮೇಲೆ. ಅದರ ಮೇಲೆ ತಿರುಗಿದ್ದು ಒಂದು ಹಿಟ್ಟಿನ ಗಿರಣಿ. ಹನ್ನೊಂದು ನೂರು ವರ್ಷಕ್ಕೂ ಹಿಂದೆ ಅದು ಇಂಗ್ಲೆಂಡಿನಲ್ಲಿ ನೀರಿನ ಬಲದಿಂದ ತಿರುಗುತ್ತಿತ್ತು.

ಎರಡು ಹೊಳೆ ಸೇರುವ ಊರು

ಇಂಗ್ಲೆಂಡಿನ ನಕಾಶೆ ಸಿಕ್ಕಿದರೆ ನಡುಭಾಗದಲ್ಲಿ ಬರ್ಮಿಂಗ್‌ಹ್ಯಾಮ್ ಹುಡುಕಿ. ಅಲ್ಲಿಂದ ಈಶಾನ್ಯಕ್ಕೆ ಇಪ್ಪತ್ತು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದೂರದಲ್ಲಿ ಟ್ಯಾಮ್‌ವರ್ತ್ ಎಂಬ ಊರಿದೆ. ಟೇಮ್ ಮತ್ತು ಆ್ಯಂಕರ್ ಎಂಬ ಎರಡು ಹೊಳೆಗಳು ಅಲ್ಲಿ ಕೂಡುತ್ತವೆ. ಈಗ ಅದು ಸಾಧಾರಣ ಊರು. ಆದರೆ ಇಂಗ್ಲೆಂಡು ಒಂದೇ ರಾಜ್ಯವಾಗುವ ಮೊದಲು ಅಲ್ಲಿ ಹಲವು ಪುಟ್ಟ ರಾಜ್ಯಗಳಿದ್ದವು. ಅವುಗಳಲ್ಲಿ ಮರ್ಸಿಯಾ ಒಂದು. ಮರ್ಸಿಯಾದ ರಾಜರಿಗೆ ಟ್ಯಾಮ್‌ವರ್ತ್ ಮೆಚ್ಚಿನ ನೆಲೆಯಾಗಿತ್ತು. 757ರಿಂದ 796ರವರೆಗೆ ಆಳಿದ ಆಫ಼ಾ ಎಂಬ ಬಲಶಾಲಿ ರಾಜನ ಅರಮನೆಯೂ ಇಲ್ಲಿತ್ತು.

1971ರಲ್ಲಿ ಈ ಊರಿನ ಬೋಲ್‌ಬ್ರಿಜ್ ಬೀದಿಯ ಬಳಿ ಪುರಾತತ್ವಜ್ಞರು ನೆಲ ಅಗೆಯಲು ಶುರು ಮಾಡಿದರು. ಆ ಕೆಲಸದ ವರದಿ ಬರೆದವರು ಫಿಲಿಪ್ ರಾಟ್ಸ್ ಮತ್ತು ರಾಬರ್ಟ್ ಮೀಸನ್. ಅಗೆದಂತೆ ಅಗೆದಂತೆ ನೆಲ ಒದ್ದೆಯಾಯಿತು, ಕಪ್ಪು ಕೆಸರಾಯಿತು. ಆ ಕೆಸರಿನೊಳಗಿಂದ ಓಕ್ ಮರದ ತೊಲೆಗಳು, ಹಲಗೆಗಳು ಒಂದೊಂದಾಗಿ ತಲೆ ಎತ್ತಿದವು. ನೀರು ನಿಲ್ಲಿಸುವ ಕೊಳ, ನೀರು ತರುವ ಕಾಲುವೆ, ಕಟ್ಟಡದ ತಳಭಾಗ, ಒಡೆದ ಬೀಸುವ ಕಲ್ಲಿನ ರಾಶಿ ರಾಶಿ ಚೂರು, ಇವೆಲ್ಲ ಸಿಕ್ಕಿದವು. ಅದೊಂದು ನೀರುಗಿರಣಿ! ಅಗೆಯುತ್ತಾ ಹೋದಾಗ ಇನ್ನೊಂದು ಸಂಗತಿ ತಿಳಿಯಿತು. ಅದೇ ಜಾಗದಲ್ಲಿ ಒಂದಾದ ಮೇಲೊಂದು ಎರಡು ಗಿರಣಿಗಳಿದ್ದವು. ಮೊದಲನೆಯದರ ಗುರುತು ಅಷ್ಟಿಷ್ಟು ಮಾತ್ರ ಉಳಿದಿತ್ತು. ಎರಡನೆಯದರ ತಳಭಾಗ ಮಾತ್ರ ಚೆನ್ನಾಗಿಯೇ ಉಳಿದಿತ್ತು. 1978ರಲ್ಲಿ ಇನ್ನೊಮ್ಮೆ ಅಗೆದು ನೋಡಿದರು. ಸಿಕ್ಕಿದ್ದನ್ನೆಲ್ಲ ಅಳೆದು, ಪರೀಕ್ಷಿಸಿ, ಯೋಚಿಸಿ ಪೂರ್ತಿ ವರದಿಯನ್ನು ಪ್ರಕಟಿಸಿದ್ದು 1992ರಲ್ಲಿ. ಅಗೆಯುವುದಕ್ಕಿಂತ ಅರ್ಥ ಮಾಡಿಕೊಳ್ಳುವುದಕ್ಕೇ ಹೆಚ್ಚು ಕಾಲ ಬೇಕು, ನೋಡಿ.

ಮಲಗಿದ ಚಕ್ರ

ಗಿರಣಿ ಹೇಗೆ ತಿರುಗುತ್ತಿತ್ತು ಎಂದು ತಿಳಿಯಲು ಮೊದಲು ನಮ್ಮ ಬೀಸುವ ಕಲ್ಲನ್ನು ನೆನಪಿಸಿಕೊಳ್ಳೋಣ. ಅಜ್ಜಿ ಮನೆಯ ಹಿತ್ತಲಲ್ಲೋ ಅಟ್ಟದ ಕೆಳಗೋ ಅದು ಈಗಲೂ ಇರಬಹುದು. ಎರಡು ದುಂಡು ಕಲ್ಲು. ಕೆಳಗಿನದು ಅಲುಗಾಡುವುದಿಲ್ಲ. ಮೇಲಿನದಕ್ಕೆ ಒಂದು ಮರದ ಗೂಟ. ನಡುವಿನ ತೂತಿಗೆ ಒಂದೊಂದೇ ಹಿಡಿ ರಾಗಿ ಹಾಕುತ್ತಾ ಗೂಟ ಹಿಡಿದು ತಿರುಗಿಸಿದರೆ ಅಂಚಿನಿಂದ ಹಿಟ್ಟು ಸುತ್ತಲೂ ಉದುರುತ್ತದೆ. ಒಂದು ಸೇರು ರಾಗಿ ಬೀಸುವಷ್ಟರಲ್ಲಿ ತೋಳು ಸೋತುಹೋಗುತ್ತದೆ. ನಂಬಿಕೆ ಬರದಿದ್ದರೆ ಒಮ್ಮೆ ಬೀಸಿ ನೋಡಿ.

ಈಗ ಹೀಗೆ ಯೋಚಿಸಿ. ಆ ಬೀಸುವ ಕಲ್ಲನ್ನು ದೊಡ್ಡದು ಮಾಡಿ ಮಹಡಿಯ ಮೇಲಿಡೋಣ. ಕೆಳಗಲ್ಲಿನ ನಡುವೆ ಒಂದು ತೂತು. ಆ ತೂತಿನ ಮೂಲಕ ಉದ್ದನೆಯ ಕಂಬವೊಂದನ್ನು ಇಳಿಬಿಡೋಣ. ಕಂಬದ ಮೇಲ್ತುದಿಯನ್ನು ಮೇಲ್ಗಲ್ಲಿಗೆ ಕಬ್ಬಿಣದ ಪಟ್ಟಿಯಿಂದ ಬಿಗಿಯೋಣ. ಕೆಳತುದಿಗೆ, ಅಂದರೆ ಮಹಡಿಯ ಕೆಳಗೆ, ಸುತ್ತಲೂ ಹಲಗೆಗಳನ್ನು ಸಿಕ್ಕಿಸೋಣ. ಈಗ ಅದು ನೆಲಕ್ಕೆ ಅಡ್ಡಡ್ಡವಾಗಿ ಮಲಗಿದ ಚಕ್ರವಾಯಿತು. ಎತ್ತಿನಗಾಡಿಯ ಗಾಲಿಯಂತೆ ನೆಟ್ಟಗೆ ನಿಂತ ಚಕ್ರವಲ್ಲ, ಊಟದ ತಟ್ಟೆಯಂತೆ ಮಲಗಿದ ಚಕ್ರ. ಮಲೆನಾಡಿನ ತೋಟಗಳಲ್ಲಿ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಹರಿಸುವುದನ್ನು ನೀವು ನೋಡಿರಬಹುದು. ಅಂಥದ್ದೇ ಒಂದು ಮರದ ದೋಣಿಯಲ್ಲಿ ಕೊಳದ ನೀರನ್ನು ಇಳಿಜಾರಾಗಿ ಬಿಟ್ಟರೆ ನೀರು ರಭಸದಿಂದ ಬಂದು ಹಲಗೆಗೆ ಬಡಿಯುತ್ತದೆ. ಆ ಹಲಗೆ ಸರಿಯುತ್ತದೆ, ಹಿಂದಿನ ಹಲಗೆ ಅದರ ಜಾಗಕ್ಕೆ ಬರುತ್ತದೆ, ಅದಕ್ಕೂ ಬಡಿತ. ಚಕ್ರ ತಿರುಗುತ್ತದೆ, ಕಂಬ ತಿರುಗುತ್ತದೆ, ಮಹಡಿಯ ಮೇಲೆ ಕಲ್ಲು ತಿರುಗುತ್ತದೆ.

ಟ್ಯಾಮ್‌ವರ್ತಿನ ಗಿರಣಿ ಈ ಬಗೆಯದು. ಇದರಲ್ಲಿ ಹಲ್ಲುಚಕ್ರಗಳೇ ಇಲ್ಲ. ಕೆಳಗೆ ಚಕ್ರ ಒಂದು ಸುತ್ತು ಬಂದರೆ ಮೇಲೆ ಕಲ್ಲು ಸರಿಯಾಗಿ ಒಂದು ಸುತ್ತು ಬರುತ್ತದೆ. ಬಡಗಿ, ಕಮ್ಮಾರ, ಕಲ್ಲುಕುಟಿಗ, ಈ ಮೂವರು ಸೇರಿದರೆ ಕಟ್ಟಿಬಿಡಬಹುದಾದ ಯಂತ್ರ. ನೀರು ಬಡಿಯುತ್ತಿದ್ದ ಹಲಗೆಗಳಲ್ಲಿ ಒಂದು ಕೆಸರಿನಲ್ಲಿ ಹಾಗೇ ಉಳಿದಿತ್ತು. ಚಕ್ರದ ಬೇರೆ ಹಲಗೆಗಳು ಕಳೆದುಹೋದರೇನಂತೆ? ಒಂದು ಹಲಗೆ ಸಿಕ್ಕಿದರೆ ಚಕ್ರದ ರೂಪವನ್ನು ಊಹಿಸಬಹುದು, ಒಂದು ಎಲೆ ನೋಡಿ ಮರ ಯಾವುದೆಂದು ಹೇಳುವ ಹಾಗೆ.

ನೀರಿನ ತೋಳಿಗೆ ಎಷ್ಟು ಬಲ?

ಒಂದು ಪುಟ್ಟ ಲೆಕ್ಕ ಮಾಡೋಣ, ಹೆದರಬೇಡಿ. ಒಂದು ಲೀಟರ್ ನೀರು ಒಂದು ಮೀಟರ್ ಕೆಳಗೆ ಬಿದ್ದರೆ ಅದರಿಂದ ಸುಮಾರು 10 ಜೂಲ್‌ನಷ್ಟು ಶಕ್ತಿ ಸಿಗುತ್ತದೆ. ಒಂದು ಕಾಲುವೆಯಲ್ಲಿ ಸೆಕೆಂಡಿಗೆ 50 ಲೀಟರ್ ನೀರು ಬರುತ್ತಿದೆ, ಒಂದೂವರೆ ಮೀಟರ್ ಕೆಳಗೆ ಬೀಳುತ್ತಿದೆ ಎಂದುಕೊಳ್ಳಿ. 50ನ್ನು ಒಂದೂವರೆಯಿಂದ ಗುಣಿಸಿ, ಮತ್ತೆ 10ರಿಂದ ಗುಣಿಸಿ. 750 ಬಂತೇ? ಅಂದರೆ ಸೆಕೆಂಡಿಗೆ 750 ಜೂಲ್. ಅದನ್ನೇ 750 ವ್ಯಾಟ್ ಎನ್ನುತ್ತೇವೆ. ಈಗ ಅಡುಗೆಮನೆಗೆ ಹೋಗಿ ಮಿಕ್ಸಿಯ ಮೇಲೆ ಬರೆದಿರುವ ಅಂಕೆಯನ್ನು ಓದಿ. ಎಷ್ಟೋ ಮಿಕ್ಸಿಗಳ ಮೇಲೆ ಇದೇ 750 ಇರುತ್ತದೆ.

ಆದರೆ ಆ ಬಲವೆಲ್ಲ ಕಲ್ಲಿಗೆ ಸಿಗುವುದಿಲ್ಲ. ನೀರು ಹಲಗೆಗೆ ಬಡಿದು ನಾಲ್ಕೂ ಕಡೆ ಸಿಡಿಯುತ್ತದೆ. ಉಳಿದದ್ದು ಕೆಲಸ ಮುಗಿಸಿದ ಮೇಲೂ ಓಡುತ್ತಲೇ ಹೋಗುತ್ತದೆ. ಸಿಡಿದ ನೀರು, ಓಡಿಹೋದ ನೀರು ತಮ್ಮ ಪಾಲಿನ ಶಕ್ತಿಯನ್ನೂ ಹೊತ್ತುಕೊಂಡು ಹೋಗುತ್ತವೆ. ಕಾಲು ಭಾಗ ಸಿಕ್ಕಿತು ಎಂದುಕೊಂಡರೂ 187 ವ್ಯಾಟ್ ಆಯಿತು. ಗಟ್ಟಿಮುಟ್ಟಾದ ಮನುಷ್ಯ ಗಂಟೆಗಟ್ಟಲೆ ಒಂದೇ ಸಮನೆ ದುಡಿಯುವಾಗ ಅವನಿಂದ ಹೊರಡುವುದು ಸುಮಾರು 75 ವ್ಯಾಟ್. ಅಂದರೆ ಇಂಥ ಕಾಲುವೆಯ ನೀರು ಇಬ್ಬರಿಗಿಂತ ಹೆಚ್ಚು ಜನರ ಕೆಲಸವನ್ನು ಮಾಡುತ್ತದೆ. ಅದಕ್ಕೆ ಹಸಿವಿಲ್ಲ, ನಿದ್ದೆಯಿಲ್ಲ, ತೋಳು ನೋಯುವುದಿಲ್ಲ. ಬೆಳಗಿನ ಜಾವ ಎದ್ದು ಬೀಸುತ್ತಿದ್ದ ಹೆಂಗಸರಿಗೆ ಅದು ಎಷ್ಟು ದೊಡ್ಡ ಬಿಡುವು ಎಂದು ಯೋಚಿಸಿ.

ಉಕ್ಕಿನ ಬಿಲ್ಲೆ

ಈಗ ನಮ್ಮ ಬುಗುರಿಯ ಹತ್ತಿರ ಮರಳೋಣ. ಚಕ್ರ, ಕಂಬ, ಮೇಲ್ಗಲ್ಲು ಮೂರೂ ಒಟ್ಟಾಗಿ ಒಂದು ದೊಡ್ಡ ಬುಗುರಿ. ಅದರ ಭಾರವೆಲ್ಲ ಕಂಬದ ಕೆಳಗಿನ ಚೂಪು ತುದಿಯ ಮೇಲೆ ಕೂತಿರುತ್ತದೆ. ತುದಿ ಯಾಕೆ ಚೂಪಾಗಿರಬೇಕು? ಒಂದಕ್ಕೊಂದು ಉಜ್ಜುವ ಜಾಗ ನಡುಗೆರೆಯ ಹತ್ತಿರವೇ ಇದ್ದರೆ ತಿರುಗುವುದಕ್ಕೆ ಅಡ್ಡಿ ಕಡಿಮೆ. ಬುಗುರಿಯ ಅಡಿಗೆ ಮೊಳೆಯ ಬದಲು ರೂಪಾಯಿಯ ನಾಣ್ಯ ಅಂಟಿಸಿ ಆಡಿಸಿ ನೋಡಿ, ಎರಡು ಸುತ್ತಿಗೇ ನಿಂತುಬಿಡುತ್ತದೆ.

ಆದರೆ ಚೂಪು ತುದಿಗೆ ಇನ್ನೊಂದು ತೊಂದರೆ ಇದೆ. ಅಷ್ಟೂ ಭಾರ ಒಂದೇ ಚುಕ್ಕೆಯ ಮೇಲೆ ಬಿದ್ದರೆ ಕೆಳಗಿರುವುದು ಸವೆದು ತೂತಾಗುತ್ತದೆ. ಮಣ್ಣಿನಂಗಳದಲ್ಲಿ ಬುಗುರಿ ಗುಳಿ ಕೊರೆಯುವುದು ಅದಕ್ಕೇ. ಸಿಮೆಂಟು ನೆಲದಲ್ಲಿ ಆಡಿಸಿದರೆ ಗುಳಿಯೂ ಇಲ್ಲ, ಬುಗುರಿ ತಿರುಗುವುದೂ ಹೆಚ್ಚು ಹೊತ್ತು. ಗಿರಣಿಯವರಿಗೂ ಇದು ಗೊತ್ತಿತ್ತು. ಚಕ್ರದ ಕೆಳಗೆ ಅವರು ಓಕ್ ಮರದ ಒಂದು ದಪ್ಪ ತೊಲೆಯನ್ನು ಅಡ್ಡಲಾಗಿ ಇಟ್ಟಿದ್ದರು. ಕಂಬ ಊರುವ ಜಾಗದಲ್ಲಿ ತೊಲೆಯನ್ನು ಕೊರೆದು ಒಂದು ಉಕ್ಕಿನ ಬಿಲ್ಲೆ ಕೂರಿಸಿದ್ದರು. ಅಗೆದಾಗ ಆ ತೊಲೆ ಸಿಕ್ಕಿತು. ಉಕ್ಕಿನ ಬಿಲ್ಲೆ ಕೂರಿಸಿದಲ್ಲೇ ಇತ್ತು!

ಕಬ್ಬಿಣವಲ್ಲ, ಉಕ್ಕು. ಎರಡಕ್ಕೂ ಏನು ವ್ಯತ್ಯಾಸ? ಕಬ್ಬಿಣಕ್ಕೆ ಸ್ವಲ್ಪವೇ ಸ್ವಲ್ಪ ಇಂಗಾಲ ಸೇರಿದರೆ ಅದು ಉಕ್ಕು. ನೂರು ಪಾಲಿನಲ್ಲಿ ಒಂದು ಪಾಲಿನಷ್ಟೋ ಅದಕ್ಕೂ ಕಡಿಮೆಯೋ ಸೇರಿದರೆ ಸಾಕು, ಗಟ್ಟಿತನ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಆ ಕಾಲದಲ್ಲಿ ಒಳ್ಳೆಯ ಉಕ್ಕು ಸುಲಭವಾಗಿ ಸಿಗುತ್ತಿರಲಿಲ್ಲ. ಕಮ್ಮಾರರು ಅದನ್ನು ಕತ್ತಿಯ ಅಲಗಿಗೆ, ಚಾಕುವಿನ ಬಾಯಿಗೆ ಎಂದು ಎಚ್ಚರದಿಂದ ಬಳಸುತ್ತಿದ್ದರು. ಅಂಥ ಉಕ್ಕಿನ ತುಂಡನ್ನು ಇಲ್ಲಿ ಯಾರಿಗೂ ಕಾಣದ ಜಾಗದಲ್ಲಿ, ನೀರಿನ ಕೆಳಗೆ ಹಾಕಿದ್ದಾರೆ. ಕತ್ತಿಗೆ ಹೊಳಪಾದರೂ ಇರುತ್ತದೆ, ಈ ಬಿಲ್ಲೆಗೆ ಅದೂ ಇಲ್ಲ. ತಿರುಗುವ ತುದಿಯನ್ನು ಹೊತ್ತು ನಿಲ್ಲುವುದಷ್ಟೇ ಅದರ ಕೆಲಸ. ಅದರ ಮೇಲಿನ ಸವೆತ ನೋಡಿದರೆ ಗೊತ್ತಾಗುತ್ತದೆ, ಈ ಗಿರಣಿ ತೋರಿಕೆಗೆ ಕಟ್ಟಿದ್ದಲ್ಲ, ದುಡಿದದ್ದು.

ಆ ತೊಲೆಗೆ ಇನ್ನೊಂದು ಕೆಲಸವೂ ಇತ್ತು. ಇಂಥ ಗಿರಣಿಗಳಲ್ಲಿ ತೊಲೆಯ ಒಂದು ತುದಿಯನ್ನು ಮಹಡಿಯ ಮೇಲಿನಿಂದಲೇ ತುಸು ಎತ್ತಬಹುದು, ತುಸು ಇಳಿಸಬಹುದು. ತೊಲೆ ಎದ್ದರೆ ಕಂಬವೂ ಏಳುತ್ತದೆ, ಮೇಲ್ಗಲ್ಲೂ ಏಳುತ್ತದೆ. ಎರಡು ಕಲ್ಲುಗಳ ನಡುವಿನ ಸಂದು ದೊಡ್ಡದಾದರೆ ತರಿತರಿ ರವೆ, ಚಿಕ್ಕದಾದರೆ ನುಣುಪಾದ ಹಿಟ್ಟು. ಗಿರಣಿಯವನು ಬೆರಳ ತುದಿಯಲ್ಲಿ ಹಿಟ್ಟು ಉಜ್ಜಿ ನೋಡಿ, ತೊಲೆಯನ್ನು ಸರಿಮಾಡಿದರೆ ಮುಗಿಯಿತು.

ಕಡಲು ದಾಟಿ ಬಂದ ಕಲ್ಲು

ಒಡೆದ ಬೀಸುವ ಕಲ್ಲಿನ ಚೂರುಗಳಲ್ಲೂ ಒಂದು ಗುಟ್ಟಿತ್ತು. ಕೆಲವು ಅದೇ ಸೀಮೆಯ ಕಲ್ಲು. ಇನ್ನು ಕೆಲವು ಕಪ್ಪಗೆ, ಮೈತುಂಬ ತೂತುತೂತಾಗಿದ್ದವು. ಅದು ಲಾವಾ ಕಲ್ಲು. ಜ್ವಾಲಾಮುಖಿಯಿಂದ ಉಕ್ಕಿದ ಬೆಂಕಿರಸ ತಣ್ಣಗಾಗುವಾಗ ಒಳಗಿನ ಅನಿಲದ ಗುಳ್ಳೆಗಳು ಹಾಗೇ ಉಳಿದು ಈ ತೂತುಗಳಾಗುತ್ತವೆ. ಟ್ಯಾಮ್‌ವರ್ತಿನ ಸುತ್ತಮುತ್ತ ಇಂಥ ಕಲ್ಲಿಲ್ಲ. ಅದು ಬಂದದ್ದು ಈಗಿನ ಜರ್ಮನಿಯ ರೈನ್ ನದಿಯ ಕಡೆಯಿಂದ. ಅಲ್ಲಿನ ಗಣಿಗಳಲ್ಲಿ ರೋಮನ್ನರ ಕಾಲದಿಂದಲೂ ಬೀಸುವ ಕಲ್ಲು ತೆಗೆಯುತ್ತಿದ್ದರು. ದೋಣಿಯಲ್ಲಿ ನದಿ ಇಳಿದು, ಹಡಗಿನಲ್ಲಿ ಕಡಲು ದಾಟಿ ಅವು ಇಂಗ್ಲೆಂಡಿಗೆ ಬರುತ್ತಿದ್ದವು.

ಇಷ್ಟು ಕಷ್ಟಪಟ್ಟು ಭಾರದ ಕಲ್ಲನ್ನು ಯಾಕೆ ತರಿಸಬೇಕು? ಅಜ್ಜಿಯನ್ನು ಕೇಳಿ, ಹೇಳುತ್ತಾರೆ. ಬೀಸುವ ಕಲ್ಲು ಸವೆದು ನುಣ್ಣಗಾದರೆ ಕಾಳು ಜಾರುತ್ತದೆಯೇ ಹೊರತು ಹಿಟ್ಟಾಗುವುದಿಲ್ಲ. ಆಗ ಅದನ್ನು ಉಳಿಯಿಂದ ಕುಟ್ಟಿಸಿ ಮತ್ತೆ ಒರಟು ಮಾಡಿಸಬೇಕು. ಲಾವಾ ಕಲ್ಲು ಹಾಗಲ್ಲ. ಮೇಲಿನ ಪದರ ಸವೆದಾಗ ಕೆಳಗಿನ ಹೊಸ ತೂತುಗಳು ಬಾಯಿ ಬಿಡುತ್ತವೆ, ಅವುಗಳ ಅಂಚು ಚೂಪಾಗಿರುತ್ತದೆ. ಸವೆದಷ್ಟೂ ಹೊಸ ಹಲ್ಲು! ಜ್ವಾಲಾಮುಖಿಯ ಅನಿಲದ ಗುಳ್ಳೆ ಗಿರಣಿಯವನ ಉಳಿಯ ಕೆಲಸವನ್ನು ಅರ್ಧ ಉಳಿಸಿತು.

ಇಂಥ ಕಲ್ಲು, ಅಂಥ ಉಕ್ಕು, ಎರಡೂ ಬಡವರ ಮನೆಯ ವಸ್ತುಗಳಲ್ಲ. ಅಗೆದಾಗ ಸೀಸದ ತೆಳು ಪಟ್ಟಿಗಳೂ ಸಿಕ್ಕಿದ್ದವು. ಕಿಟಕಿಯಲ್ಲಿ ಗಾಜಿನ ತುಂಡುಗಳನ್ನು ಜೋಡಿಸಿ ಹಿಡಿದಿಡಲು ಬಳಸುವ ಪಟ್ಟಿಗಳು ಅವು. ಆ ಕಾಲದಲ್ಲಿ ಕಿಟಕಿಗೆ ಗಾಜು ಹಾಕಿಸುತ್ತಿದ್ದುದು ಅರಮನೆಗೆ ಅಥವಾ ದೊಡ್ಡ ಚರ್ಚಿಗೆ. ಉಕ್ಕು, ಕಡಲಾಚೆಯ ಕಲ್ಲು, ಗಾಜಿನ ಕಿಟಕಿ, ಮರ್ಸಿಯಾದ ರಾಜರ ಊರು, ಇವನ್ನೆಲ್ಲ ಕೂಡಿಸಿ ನೋಡಿ. ಈ ಗಿರಣಿಯ ಹಿಟ್ಟು ಅರಮನೆಯ ಅಡುಗೆಮನೆಗೆ ಹೋಗುತ್ತಿದ್ದಿರಬೇಕು ಎಂಬ ಊಹೆಗೆ ಬಲ ಬರುವುದು ಹೀಗೆ.

ನೆನೆದದ್ದು ಕೊಳೆಯಲಿಲ್ಲ ಯಾಕೆ?

ನಿಮಗೆ ಈಗೊಂದು ಸಂಶಯ ಬಂದಿರಬೇಕು. ಮಳೆಗಾಲದಲ್ಲಿ ಹೊರಗೆ ಬಿಟ್ಟ ಸೌದೆ ಎರಡೇ ವರ್ಷದಲ್ಲಿ ಅಣಬೆ ಬಂದು ಪುಡಿಯಾಗುತ್ತದೆ. ಗದ್ದೆ ಬೇಲಿಯ ಗೂಟವೂ ಅಷ್ಟೆ. ಹಾಗಿದ್ದರೆ ಸಾವಿರ ವರ್ಷ ಕೆಸರಿನಲ್ಲಿ ಬಿದ್ದ ಮರ ಹೇಗೆ ಉಳಿಯಿತು?

ಬೇಲಿಯ ಗೂಟವನ್ನೇ ಕಿತ್ತು ನೋಡಿ, ಉತ್ತರದ ಅರ್ಧ ಅಲ್ಲಿದೆ. ಗೂಟ ಹೆಚ್ಚು ಕೊಳೆಯುವುದು ನೆಲಮಟ್ಟದಲ್ಲಿ, ಗಾಳಿಯೂ ತೇವವೂ ಕೂಡುವ ಕಡೆ. ಮರವನ್ನು ತಿನ್ನುವುದು ಅಣಬೆಯ ಜಾತಿಯ ಶಿಲೀಂಧ್ರಗಳು ಮತ್ತು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಅವುಗಳಲ್ಲಿ ಹೆಚ್ಚಿನವಕ್ಕೆ ನೀರು ಮಾತ್ರ ಸಾಲದು, ಆಮ್ಲಜನಕವೂ ಬೇಕು. ನೀರು ತುಂಬಿದ ದಪ್ಪ ಕೆಸರಿನೊಳಗೆ ಗಾಳಿ ಇಳಿಯುವುದಿಲ್ಲ. ಇದ್ದ ಚೂರುಪಾರು ಆಮ್ಲಜನಕ ಬೇಗನೆ ಮುಗಿದುಹೋಗುತ್ತದೆ. ತಿನ್ನುವವರಿಗೆ ಉಸಿರಿಲ್ಲ ಎಂದ ಮೇಲೆ ಊಟವೂ ಇಲ್ಲ. ಒಣಗಿಯೇ ಇರುವ ಮರ ಉಳಿಯುತ್ತದೆ, ಪೂರ್ತಿ ಮುಳುಗಿಯೇ ಇರುವ ಮರವೂ ಉಳಿಯುತ್ತದೆ. ಒದ್ದೆಯಾಗುತ್ತಾ ಒಣಗುತ್ತಾ ಇರುವ ಮರಕ್ಕೇ ಕೇಡು.

ಟ್ಯಾಮ್‌ವರ್ತಿನ ಗಿರಣಿ ಕೊನೆಗೆ ಬೆಂಕಿಗೆ ಸಿಕ್ಕಿ ನಾಶವಾಯಿತು. ಮಹಡಿ ಹೋಯಿತು, ಗೋಡೆ ಹೋಯಿತು, ಸೂರು ಹೋಯಿತು. ಬೆಂಕಿ ಮುಟ್ಟದೆ ಬಿಟ್ಟದ್ದು ನೀರಿನಲ್ಲಿದ್ದ ತಳಭಾಗವನ್ನು. ಹಾಗಾಗಿ ದಿನವೂ ಗಿರಣಿಯನ್ನು ತಿರುಗಿಸಿದ ನೀರೇ, ಗಿರಣಿ ನಿಂತ ಮೇಲೆ ಅದನ್ನು ಸಾವಿರ ವರ್ಷ ಜೋಪಾನ ಮಾಡಿತು.

ಅಗೆದು ತೆಗೆದ ಮೇಲೆ ನಿಜವಾದ ಅಪಾಯ ಶುರು. ಇಂಥ ಮರದ ಒಳಗೆಲ್ಲ ನೀರೇ ತುಂಬಿರುತ್ತದೆ. ಬಿಸಿಲಿಗೆ ಇಟ್ಟರೆ ನೀರು ಆರಿ, ಮರ ಹಪ್ಪಳದ ಹಾಗೆ ಸೊಟ್ಟಗಾಗಿ ಸೀಳಿಬಿಡುತ್ತದೆ. ಆದ್ದರಿಂದ ಅದನ್ನು ಒದ್ದೆಯಾಗಿಯೇ ಇಟ್ಟು, ಒಳಗಿನ ನೀರಿನ ಜಾಗಕ್ಕೆ ಮೇಣದಂಥ ವಸ್ತುವನ್ನು ನಿಧಾನವಾಗಿ ಇಳಿಸುವ ಉಪಾಯ ಮಾಡುತ್ತಾರೆ. 1982ರಲ್ಲಿ ಇಂಗ್ಲೆಂಡಿನ ಕಡಲಿನಿಂದ ಎತ್ತಿದ ಮೇರಿ ರೋಸ್ ಎಂಬ ಹಳೆಯ ಹಡಗಿಗೆ ವರ್ಷಾನುಗಟ್ಟಲೆ ಹೀಗೆ ಸ್ನಾನ ಮಾಡಿಸಿದರು.

ಮರ ತಾನೇ ಹೇಳಿದ ವಯಸ್ಸು

ಗಿರಣಿಯ ಮೇಲೆ ಕಟ್ಟಿದವರ ಹೆಸರಿಲ್ಲ, ಇಸವಿ ಇಲ್ಲ. ಹಾಗಾದರೆ ಹನ್ನೊಂದು ನೂರು ವರ್ಷಕ್ಕೂ ಹಳೆಯದು ಎಂದು ನಾನು ಧೈರ್ಯವಾಗಿ ಹೇಳಿದ್ದು ಹೇಗೆ? ಹೇಳಿದ್ದು ಮರವೇ.

ಇಂಗ್ಲೆಂಡಿನಲ್ಲಿ ಓಕ್ ಮರ ಬೇಸಿಗೆಯಲ್ಲಿ ಬೆಳೆಯುತ್ತದೆ, ಚಳಿಗಾಲದಲ್ಲಿ ಎಲೆ ಉದುರಿಸಿ ನಿಲ್ಲುತ್ತದೆ. ಹೀಗೆ ವರ್ಷಕ್ಕೊಂದು ಉಂಗುರ ಅದರ ಕಾಂಡದೊಳಗೆ ಸೇರುತ್ತದೆ. ಒಳ್ಳೆಯ ವರ್ಷಕ್ಕೆ ಅಗಲದ ಉಂಗುರ, ಕೆಟ್ಟ ವರ್ಷಕ್ಕೆ ಕಿರಿದಾದ ಉಂಗುರ. ಒಂದೇ ಸೀಮೆಯ ಮರಗಳಿಗೆಲ್ಲ ಮಳೆ ಬಿಸಿಲು ಒಂದೇ ತಾನೇ? ಆದ್ದರಿಂದ ಆ ಮರಗಳಲ್ಲೆಲ್ಲ ಅಗಲ, ಕಿರಿದು, ಕಿರಿದು, ಅಗಲ ಎಂಬ ಅದೇ ತಾಳ ಕಾಣುತ್ತದೆ.

ಈ ತಾಳವನ್ನು ಓದುವ ವಿದ್ಯೆಯನ್ನು ಬೆಳೆಸಿದವರು ಅಮೆರಿಕದ ಎ. ಇ. ಡಗ್ಲಸ್. ಅವರು ಖಗೋಳ ವಿಜ್ಞಾನಿ! ಸೂರ್ಯನ ಕಲೆಗಳು ಹೆಚ್ಚುಕಡಿಮೆಯಾದಾಗ ಭೂಮಿಯ ಹವಾಮಾನ ಬದಲಾಗುತ್ತದೆಯೇ ಎಂದು ತಿಳಿಯಲು ಹಳೆಯ ಮರಗಳ ಉಂಗುರ ನೋಡತೊಡಗಿದರು. ಆಕಾಶ ನೋಡುತ್ತಿದ್ದವರು ಹೀಗೆ ಮರದ ಕೊರಡಿನ ಮುಂದೆ ಬಂದು ಕೂತರು.

ಕೆಲಸ ಹೀಗೆ ನಡೆಯುತ್ತದೆ. ಈ ವರ್ಷ ಕಡಿದ ಓಕ್ ಮರದ ಉಂಗುರಗಳನ್ನು ಹೊರಗಿನಿಂದ ಒಳಕ್ಕೆ ಎಣಿಸಿ. ಒಂದೊಂದು ಉಂಗುರಕ್ಕೂ ಇಸವಿ ಸಿಕ್ಕಿತು. ಹಳೆಯ ಮನೆಯ ತೊಲೆಯೊಂದರ ಕೊನೆಯ ಉಂಗುರಗಳ ತಾಳ ಈ ಮರದ ಮೊದಲ ಉಂಗುರಗಳ ತಾಳಕ್ಕೆ ಹೊಂದುತ್ತದೆ ಎನ್ನಿ, ಆಗ ಆ ತೊಲೆಗೂ ಇಸವಿ ಸಿಕ್ಕಿತು. ಅದಕ್ಕಿಂತ ಹಳೆಯ ಚರ್ಚಿನ ಬಾಗಿಲು, ಅದಕ್ಕೂ ಹಳೆಯ ಹಡಗಿನ ಹಲಗೆ, ಹೀಗೆ ಹೂಮಾಲೆ ಕಟ್ಟಿದಂತೆ ಒಂದಕ್ಕೊಂದು ಸೇರಿಸುತ್ತಾ ಸಾವಿರಾರು ವರ್ಷ ಹಿಂದಕ್ಕೆ ಹೋಗಬಹುದು. ಗಿರಣಿಯ ಓಕ್ ತೊಲೆಗಳ ತಾಳವನ್ನು ಈ ಮಾಲೆಯ ಪಕ್ಕದಲ್ಲಿಟ್ಟು ಹೊಂದಿಸಿದರು. ಉತ್ತರ ಬಂತು: 855, ಒಂಬತ್ತು ವರ್ಷ ಹಿಂದೆ ಅಥವಾ ಮುಂದೆ. ಅಂದರೆ 846ಕ್ಕೂ 864ಕ್ಕೂ ನಡುವೆ ಮರ ಕಡಿದಿದ್ದಾರೆ.

ಈ ಒಂಬತ್ತು ವರ್ಷದ ಅನುಮಾನ ಯಾಕೆ? ಬಡಗಿಯನ್ನು ಕೇಳಿದರೆ ಗೊತ್ತಾಗುತ್ತದೆ. ಮರದ ನಡುವಿನ ಚೇಗು ಗಟ್ಟಿ. ತೊಗಟೆಗೆ ಅಂಟಿಕೊಂಡಿರುವ ಬಿಳಿಯ ಮರ ಮೆತ್ತಗೆ. ಅದನ್ನು ಬಡಗಿ ಕೆತ್ತಿ ಬಿಸಾಡುತ್ತಾನೆ, ಇಲ್ಲವೇ ಅದು ಮೊದಲು ಹಾಳಾಗುತ್ತದೆ. ಕೊನೆಯ ಉಂಗುರಗಳು ಇರುವುದು ಆ ಬಿಳಿಯ ಮರದಲ್ಲೇ! ಹೋದ ಉಂಗುರಗಳು ಎಷ್ಟಿದ್ದವು ಎಂದು ಲೆಕ್ಕ ಹಾಕಿ ಕೂಡಿಸಬೇಕಾಗುತ್ತದೆ. ಒಳ್ಳೆಯ ವಿಜ್ಞಾನಿ ಉತ್ತರ ಹೇಳುವಾಗ, "ಇಷ್ಟು ಹೆಚ್ಚುಕಡಿಮೆ ಇರಬಹುದು" ಎಂಬುದನ್ನೂ ಸೇರಿಸಿಯೇ ಹೇಳುತ್ತಾನೆ. ಅದು ಗೊತ್ತಿಲ್ಲದಿರುವುದರ ಗುರುತಲ್ಲ, ಪ್ರಾಮಾಣಿಕತೆಯ ಗುರುತು.

ಇಂಗ್ಲೆಂಡಿನಲ್ಲಿ ಇದಕ್ಕಿಂತ ಹಳೆಯ ಗಿರಣಿಯೂ ಸಿಕ್ಕಿದೆ. ಕೆಂಟ್ ಸೀಮೆಯ ಎಬ್ಸ್‌ಫ್ಲೀಟ್ ಕಣಿವೆಯಲ್ಲಿ ವೇಗದ ರೈಲಿಗೆ ಹಳಿ ಹಾಕಲು ಹೊರಟಾಗ ಅದು ಕಂಡಿತು. ಕಡಲಿನ ಉಬ್ಬರದ ನೀರನ್ನು ಕೊಳದಲ್ಲಿ ಹಿಡಿದಿಟ್ಟು, ಇಳಿತದ ಹೊತ್ತಿಗೆ ಹರಿಬಿಟ್ಟು ತಿರುಗಿಸುತ್ತಿದ್ದ ಗಿರಣಿ. ಅದರ ಮರವನ್ನು 691–692ರಲ್ಲಿ ಕಡಿದದ್ದು ಎಂದು ಉಂಗುರಗಳೇ ಹೇಳಿದವು.

ಆಮೇಲೆ ಎದ್ದು ನಿಂತ ಚಕ್ರ

1086ರಲ್ಲಿ ಇಂಗ್ಲೆಂಡಿನ ರಾಜ ಮೊದಲನೆಯ ವಿಲಿಯಂ ತನ್ನ ರಾಜ್ಯದಲ್ಲಿ ಏನೇನಿದೆ ಎಂದು ಲೆಕ್ಕ ಬರೆಸಿದ. ಡೂಮ್ಸ್‌ಡೇ ಬುಕ್ ಎಂಬ ಆ ಲೆಕ್ಕದ ಪುಸ್ತಕದಲ್ಲಿ ಸುಮಾರು 6,000 ಗಿರಣಿಗಳಿವೆ. ಗಾಳಿಯಿಂದ ತಿರುಗುವ ಗಿರಣಿ ಇಂಗ್ಲೆಂಡಿಗೆ ಇನ್ನೂ ಬಂದಿರಲಿಲ್ಲ, ಹೆಚ್ಚಿನವೆಲ್ಲ ನೀರಿನವೇ.

ಮುಂದೆ ಮುಂದೆ ಗಾಡಿಯ ಗಾಲಿಯಂತೆ ನೆಟ್ಟಗೆ ನಿಂತ ಚಕ್ರಗಳೇ ಅಲ್ಲಿ ಗೆದ್ದವು. ರೋಮನ್ನರಿಗೇ ಗೊತ್ತಿದ್ದ ಚಕ್ರ ಅದು. ನಿಂತ ಚಕ್ರಕ್ಕೆ ಹಲ್ಲುಚಕ್ರಗಳು ಬೇಕು, ಖರ್ಚು ಹೆಚ್ಚು. ಆದರೆ ಲಾಭವೂ ಇದೆ. ಚಕ್ರ ಮೆಲ್ಲಗೆ ತಿರುಗಿದರೂ ಹಲ್ಲುಚಕ್ರದ ಲೆಕ್ಕದಿಂದ ಕಲ್ಲನ್ನು ಜೋರಾಗಿ ತಿರುಗಿಸಬಹುದು. ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಗಾಲಿ ಹಲವು ಸುತ್ತು ಬರುವುದಿಲ್ಲವೇ, ಹಾಗೆ.

ನಿಂತ ಚಕ್ರಕ್ಕೆ ನೀರನ್ನು ಕೆಳಗಿನಿಂದ ಹಾಯಿಸಿ ತಳ್ಳಿಸುವುದು ಒಳ್ಳೆಯದೋ, ಮೇಲಿನಿಂದ ಸುರಿಯುವುದೋ? ಬಹಳ ಕಾಲ ಇದು ಬರೀ ವಾದವಾಗಿತ್ತು. ಜಾನ್ ಸ್ಮೀಟನ್ ಎಂಬ ಎಂಜಿನಿಯರ್ ವಾದ ಬಿಟ್ಟು ಒಂದು ಪುಟ್ಟ ಮಾದರಿ ಚಕ್ರ ಮಾಡಿದ. ನೀರನ್ನು ಅಳೆದು ಬಿಟ್ಟ, ಚಕ್ರ ಎಷ್ಟು ಭಾರವನ್ನು ಎಷ್ಟು ಎತ್ತರಕ್ಕೆ ಎತ್ತುತ್ತದೆ ಎಂದು ನೋಡಿ ಬರೆದುಕೊಂಡ. 1759ರಲ್ಲಿ ಅವನು ಲಂಡನ್ನಿನ ರಾಯಲ್ ಸೊಸೈಟಿಗೆ ಹೇಳಿದ ಉತ್ತರ ಇದು: ಅಷ್ಟೇ ನೀರು, ಅಷ್ಟೇ ಎತ್ತರ ಇದ್ದರೂ ಮೇಲಿನಿಂದ ಸುರಿದ ನೀರು ಸುಮಾರು ದುಪ್ಪಟ್ಟು ಕೆಲಸ ಮಾಡುತ್ತದೆ. ಕಾರಣ ಸುಲಭ. ಬಡಿದ ನೀರು ಸಿಡಿದು ಹೋಗುತ್ತದೆ, ಮೇಲಿನಿಂದ ಬಿದ್ದ ನೀರು ಚಕ್ರದ ತೊಟ್ಟಿಗಳಲ್ಲಿ ಕೂತು ತನ್ನ ಭಾರದಿಂದಲೇ ಚಕ್ರವನ್ನು ಕೆಳಗೆಳೆಯುತ್ತದೆ. ಆ ವರ್ಷದ ಕಾಪ್ಲಿ ಪದಕ ಅವನಿಗೇ ಸಿಕ್ಕಿತು.

ಹಾಗೆಂದು ಮಲಗಿದ ಚಕ್ರ ಸತ್ತುಹೋಗಲಿಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ಅಂಥದ್ದೊಂದನ್ನು ಜೋಪಾನವಾಗಿ ಉಳಿಸಿಕೊಂಡಿದ್ದಾರೆ. ತಿರುಗುವಾಗ ಟಿಕ್ ಟಿಕ್ ಎನ್ನುವುದರಿಂದ ಅದನ್ನು ಕ್ಲಿಕ್ ಮಿಲ್ ಎನ್ನುತ್ತಾರೆ. ಅಷ್ಟು ದೂರ ಯಾಕೆ, ನಮ್ಮ ಹಿಮಾಚಲ ಪ್ರದೇಶದಲ್ಲಿ, ಉತ್ತರಾಖಂಡದಲ್ಲಿ ಹಳ್ಳದ ಪಕ್ಕದಲ್ಲಿ ಘರಾಟ್ ಎಂಬ ಗಿರಣಿಗಳು ಈಗಲೂ ಇವೆ. ಮರದ ದೋಣಿಯಲ್ಲಿ ಇಳಿಯುವ ನೀರು, ಮಲಗಿದ ಚಕ್ರ, ಮೇಲೆ ಕಲ್ಲು. ಟ್ಯಾಮ್‌ವರ್ತಿನ ಗಿರಣಿಯವನನ್ನು ಕರೆತಂದು ಅಲ್ಲಿ ನಿಲ್ಲಿಸಿದರೆ ಅವನಿಗೆ ಯಾರೂ ಏನನ್ನೂ ವಿವರಿಸಬೇಕಾಗಿಲ್ಲ. ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ ಕೆಲಸಕ್ಕೆ ಇಳಿದುಬಿಡುತ್ತಾನೆ.

ಮಕ್ಕಳೇ, ಮುಂದಿನ ಸಲ ಅಪ್ಪನ ಜೊತೆ ಸಾಮಿಲ್ಲಿಗೆ ಹೋದಾಗ ತೇಗದ ದಿಮ್ಮಿಯ ಕೊಯ್ದ ತುದಿಯ ಹತ್ತಿರ ಹೋಗಿ ನಿಲ್ಲಿ. ನಮ್ಮ ನಾಡಿನ ಮರಗಳಲ್ಲಿ ಉಂಗುರ ಚೆನ್ನಾಗಿ ಕಾಣುವುದು ತೇಗದಲ್ಲಿ. ಮರ ಕಡಿದ ವರ್ಷ ಯಾವುದೆಂದು ಕೇಳಿಕೊಂಡು, ಹೊರಗಿನಿಂದ ಒಳಕ್ಕೆ ಬೆರಳಿಟ್ಟು ಎಣಿಸಿ. ನೀವು ಹುಟ್ಟಿದ ವರ್ಷದ ಉಂಗುರ ಯಾವುದು, ಅದು ಅಗಲವೋ ಕಿರಿದೋ, ನೋಡಿ ಬನ್ನಿ.